ಮೂರು ಅಂಗಿಯೋ, ಒಂದು ಅಂಗಿಯೋ?

ನಾಗರ ಪಂಚಮಿ ಹತ್ತಿರ ಬಂತೆಂದರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಅರಿವೆ ಅಂಗಡಿಗಳಲ್ಲಿ ಗದ್ದಲವೋ ಗದ್ದಲ. ಹಾವೇರಿ ಜಿಲ್ಲೆ ಹತ್ತಿ ಬೆಳೆಯುವ ಸೀಮೆ. ಹಾಗಿದ್ದೂ ಹಲವು ಮನೆಗಳ ಟ್ರಂಕು ತೆರೆದರೆ ಕಾಣುವುದು ಬಣ್ಣ ಬಿಟ್ಟ, ಹೊಲಿಗೆ ಬಿಚ್ಚಿದ, ತೊಡಲೂ ಆಗದ ಎಸೆಯಲೂ ಮನಸ್ಸಾಗದ ಬಟ್ಟೆಗಳು. ಇದಕ್ಕೆ ಕೈಯಲ್ಲಿ ದುಡ್ಡು ಕಡಿಮೆ ಇರುವುದೊಂದೇ ಕಾರಣವಲ್ಲ, ಕೆಲವು ನಂಬಿಕೆಗಳೂ ಕಾರಣ.

ತಪ್ಪು ಕಲ್ಪನೆ: ಒಂದರ ದುಡ್ಡಿಗೆ ಎರಡು ಬಂದರೆ ಉಳಿತಾಯ.

ಸತ್ಯ: ಎಣಿಸಬೇಕಾದದ್ದು ಬಟ್ಟೆಯನ್ನಲ್ಲ, ಅದನ್ನು ತೊಟ್ಟ ಸಲಗಳನ್ನು. 400 ರೂಪಾಯಿಯ ಅಂಗಿ 20 ಸಲಕ್ಕೇ ಮೂಲೆ ಸೇರಿತೆಂದುಕೊಳ್ಳಿ, ಒಂದು ಸಲಕ್ಕೆ ಬಿದ್ದ ಖರ್ಚು 20 ರೂಪಾಯಿ. 900 ರೂಪಾಯಿಯದು 90 ಸಲ ಬಂದರೆ 10 ರೂಪಾಯಿ. ಒಮ್ಮೆಲೇ ಮನೆಮಂದಿಗೆಲ್ಲ 900ರಂತೆ ಹೊಂದಿಸುವುದು ಕೂಲಿ, ಒಕ್ಕಲುತನದ ಮನೆಗೆ ಕಷ್ಟವೇ. ಪಂಚಮಿಗೆ ಇಬ್ಬರಿಗೆ, ದೀಪಾವಳಿಗೆ ಉಳಿದವರಿಗೆ ಎಂದು ಸರದಿ ಇಟ್ಟುಕೊಂಡರೆ ಭಾರ ಹಂಚಿಹೋಗುತ್ತದೆ.

ತಪ್ಪು ಕಲ್ಪನೆ: ಸಾವಿರ ದಾಟಿದ ಬಟ್ಟೆಗೆ ತೆರಿಗೆಯೂ ಜಾಸ್ತಿ.

ಸತ್ಯ: ಅದು ಹಳೆಯ ಮಾತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5 ಮಾತ್ರ. ಮೊದಲು ಸಾವಿರ ದಾಟಿದರೆ ಶೇ 12 ಇತ್ತು.

ತಪ್ಪು ಕಲ್ಪನೆ: ಹೆಸರಾಂತ ಬ್ರಾಂಡ್ ಎಂದರೆ ಗಟ್ಟಿ ಬಟ್ಟೆ.

ಸತ್ಯ: ಬ್ರಾಂಡಿನ ಬೆಲೆಯಲ್ಲಿ ಜಾಹೀರಾತು, ಶೋರೂಮಿನ ಬಾಡಿಗೆ ಎಲ್ಲವೂ ಸೇರಿರುತ್ತದೆ. ಗಟ್ಟಿತನ ತಿಳಿಯಬೇಕೆಂದರೆ ಅಂಗಿಯನ್ನು ಒಳಮಗ್ಗುಲು ಮಾಡಿ ನೋಡಬೇಕು. ಹೊಲಿಗೆ ಒತ್ತಾಗಿದೆಯೇ, ಅಂಚಿನಲ್ಲಿ ದಾರ ಜೋತಾಡುತ್ತಿದೆಯೇ, ಹಿಗ್ಗಿಸಲು ಒಳಗೆ ಬಟ್ಟೆ ಬಿಟ್ಟಿದ್ದಾರೆಯೇ, ಬೆಳಕಿಗೆ ಹಿಡಿದರೆ ನೇಯ್ಗೆ ಸಮನಾಗಿ ಕಾಣುತ್ತದೆಯೇ? ಪಕ್ಕದ ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ. ಅಲ್ಲಿಯೂ ಧ್ವಜ ಪಾಸಾಗುವುದು ನೂಲಿನ ಎಣಿಕೆ, ಬಣ್ಣ, ಅಳತೆಯ ಪರೀಕ್ಷೆ ಗೆದ್ದ ಮೇಲೆಯೇ.

ತಪ್ಪು ಕಲ್ಪನೆ: ಇಳಕಲ್ ಸೀರೆ ಎಂದು ಮಾರಿದ್ದೆಲ್ಲ ಕೈಮಗ್ಗದ್ದೇ.

ಸತ್ಯ: ಭೌಗೋಳಿಕ ಗುರುತು ಪಡೆದಿರುವ ಈ ಸೀರೆಯ ಹೆಸರಿನಲ್ಲಿ ಪವರ್‌ಲೂಮ್ ಮಾಲೂ ಮಾರಾಟವಾಗುತ್ತದೆ. ಸಾಂಪ್ರದಾಯಿಕ ಇಳಕಲ್‌ನಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಆ ಜೋಡಣೆಯನ್ನು ಹುಡುಕಿ, ಕೈಮಗ್ಗದ ಗುರುತು ಕೇಳಿ. ಅನುಮಾನ ಬಂದರೆ ಅಂಚಿನಿಂದ ಒಂದೆಳೆ ದಾರ ಕಿತ್ತು ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಬೀರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ನೂಲಾದರೆ ಮಾತ್ರ ಈ ಪರೀಕ್ಷೆ ಮೋಸ ಮಾಡೀತು.

ತಪ್ಪು ಕಲ್ಪನೆ: ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಹೋಗುವುದಿಲ್ಲ.

ಸತ್ಯ: ಹತ್ತಿಗೆ ಬಣ್ಣ ಕಟ್ಟುವಾಗ ಉಪ್ಪು ನೆರವಾಗುತ್ತದೆ. ಕಟ್ಟಿ ಮುಗಿದ ಮೇಲೆ ಸಡಿಲವಾಗಿ ಉಳಿದ ಬಣ್ಣವನ್ನು ಅದು ಹಿಡಿದಿಡಲಾರದು. ಕೊಳ್ಳುವಾಗಲೇ ಒದ್ದೆ ಬಿಳಿ ಕರವಸ್ತ್ರದಿಂದ ಒಳಮೂಲೆ ಉಜ್ಜಿ ನೋಡುವುದು ಲೇಸು. ಮನೆಯಲ್ಲಿ ತಣ್ಣೀರು, ಅಳತೆಯ ಸೋಪಿನಪುಡಿ, ನೆರಳು ಸಾಕು.

ತಪ್ಪು ಕಲ್ಪನೆ: ಬೆಳೆಯುವ ಮಕ್ಕಳಿಗೆ ಒಳ್ಳೆಯ ಬಟ್ಟೆ ದಂಡ.

ಸತ್ಯ: ಇದು ಪೂರ್ತಿ ತಪ್ಪಲ್ಲ. ಆರು ತಿಂಗಳಿಗೆ ಬಿಗಿಯಾಗುವ ಕೂಸಿನ ಅಂಗಿಗೆ ಹೆಚ್ಚು ಸುರಿಯುವುದರಲ್ಲಿ ಅರ್ಥವಿಲ್ಲ. ಆದರೆ ಅಕ್ಕನ ಫ್ರಾಕು ತಂಗಿಗೆ, ಅಣ್ಣನ ಚಡ್ಡಿ ತಮ್ಮನಿಗೆ ದಾಟುವ ಮನೆಯಲ್ಲಿ ಗಟ್ಟಿ ಬಟ್ಟೆ ಎರಡು ಆಯುಷ್ಯ ಬದುಕುತ್ತದೆ. ಹೊಲಿಸುವುದಾದರೆ ಮೊದಲು ನೀರಿಗೆ ಹಾಕಿ ಒಣಗಿಸಿ, ಕೆಳಗೆ ಅಗಲ ಮಡಿಕೆ ಬಿಡಲು ದರ್ಜಿಗೆ ಹೇಳಬೇಕು. ಸರಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯ ಸಮವಸ್ತ್ರ ಉಚಿತ, ಆ ಲೆಕ್ಕದಲ್ಲಿ ಉಳಿದ ದುಡ್ಡು ಮನೆಯುಡುಪಿಗೆ ಆದೀತು.

ಇಷ್ಟೆಲ್ಲ ನೋಡಿ ತಂದ ನೂಲಿನ ಸೀರೆ ಹರಿದರೂ ಅದರ ಕೆಲಸ ಮುಗಿಯುವುದಿಲ್ಲ. ಉತ್ತರ ಕರ್ನಾಟಕದ ಕೌದಿ ಹುಟ್ಟುವುದು ಅಂಥ ಹಳೆಯ ಸೀರೆ, ಧೋತರಗಳ ಪದರು ಪದರಿನಿಂದಲೇ.