ಪಿನ್ ಮರೆತ ಫೋನು ಮತ್ತು ಮೂವತ್ತಾರು ಸಾಧ್ಯತೆಗಳು

ಸೋಮವಾರ ಬೆಳಿಗ್ಗೆ ಮೊದಲ ಗಂಟೆ ಹೊಡೆಯುವ ಮುಂಚೆ ಒಂಬತ್ತನೇ ತರಗತಿಯ ಒಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಮುಖ ಸಪ್ಪಗಿತ್ತು.

"ಟೀಚರ್, ಅಮ್ಮನ ಫೋನು ಲಾಕ್ ಆಗಿದೆ. ಪಿನ್ ನಾನೇ ಬದಲಿಸಿದ್ದು. ಈಗ ನೆನಪಿಲ್ಲ."

ತಂಗಿ ಗೇಮ್ ಆಡುತ್ತಾಳೆಂದು ಶುಕ್ರವಾರ ರಾತ್ರಿ ಹೊಸ ಪಿನ್ ಹಾಕಿದ್ದನಂತೆ. ಶನಿವಾರ, ಭಾನುವಾರ ತನ್ನ ಬೆರಳಚ್ಚಿನಿಂದಲೇ ತೆರೆಯುತ್ತಿದ್ದ. ಭಾನುವಾರ ಸಂಜೆ ಫೋನು ಹ್ಯಾಂಗ್ ಆಯಿತು. ಸ್ವಿಚ್ ಆಫ್ ಮಾಡಿ ಆನ್ ಮಾಡಿದ. ಅಲ್ಲಿಗೆ ಕತೆ ಮುಗಿಯಿತು! ಬೆರಳಿಟ್ಟರೆ ಪಿನ್ ಹಾಕು ಎನ್ನುತ್ತಿದೆ, ಪಿನ್ ಗೊತ್ತಿಲ್ಲ. ರಾತ್ರಿಯೆಲ್ಲ ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಒತ್ತಿದ್ದಾನೆ.

"ಅಮ್ಮನ ಬೆರಳು ಇಡಲಿಲ್ಲವಾ?" ಎಂದು ಕೇಳಿದೆ.

"ಅಮ್ಮನ ಬೆರಳು ಯಾವಾಗಲೂ ಹಿಡಿಯುವುದಿಲ್ಲ ಟೀಚರ್. ಬೀಡಿ ಕಟ್ಟಿ ಕಟ್ಟಿ ಗೆರೆಯೇ ಇಲ್ಲ."

ಪೇಟೆಯ ಅಂಗಡಿಯಲ್ಲಿ ಸಾವಿರ ರೂಪಾಯಿಗೆ ಲಾಕ್ ತೆಗೆದುಕೊಡುತ್ತಾರಂತೆ, ಹೋಗಲಾ ಎಂದು ಕೇಳಿದ. ಫೋನಿನಲ್ಲಿ ಎಂತ ಉಂಟು ಎಂದು ವಿಚಾರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅಜ್ಜಿ ಹಾಡಿದ ಶೋಭಾನೆ ಹಾಡುಗಳು. ಕಳೆದ ವರ್ಷ ಶಾಲೆಯ ಪ್ರಾಜೆಕ್ಟಿಗೆಂದು ರೆಕಾರ್ಡ್ ಮಾಡಿದ್ದು, ಹನ್ನೊಂದು ಹಾಡು. ಅಜ್ಜಿ ಈ ಮಳೆಗಾಲದಲ್ಲಿ ತೀರಿಹೋದರು. ಬೇರೆಲ್ಲೂ ಪ್ರತಿ ಇಲ್ಲ.

"ಅಂಗಡಿಗೆ ಹೋಗಬೇಡ. ಇನ್ನೊಂದು ಸಲವೂ ಒತ್ತಬೇಡ. ಮಧ್ಯಾಹ್ನ ಅಮ್ಮನನ್ನು ಬರಲು ಹೇಳು" ಎಂದೆ. ಅಮ್ಮನನ್ನು ಕರೆಸಿದ್ದಕ್ಕೆ ಕಾರಣ ಉಂಟು. ಫೋನು ಅವರದು. ಒಡೆಯರ ಒಪ್ಪಿಗೆ ಇಲ್ಲದೆ ಯಾರ ಫೋನಿನ ಬೀಗಕ್ಕೂ ಕೈ ಹಾಕಬಾರದು, ಟೀಚರಾದರೂ.

ಅಂಗಡಿ ಬೇಡವೆಂದು ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು ಯಾಕೆಂದರೆ, ನಾನು ಒಮ್ಮೆ ಹೋಗಿದ್ದೆ. ಅಪ್ಪ ತೀರಿಕೊಂಡ ತಿಂಗಳಲ್ಲಿ. ಅವರ ಫೋನಿಗೆ ಪ್ಯಾಟರ್ನ್ ಲಾಕ್ ಇತ್ತು, ಒಂಬತ್ತು ಚುಕ್ಕಿಗಳ ಮೇಲೆ ಗೆರೆ ಎಳೆಯುವುದು. ಅಪ್ಪನದ್ದಲ್ಲವಾ, ಸುಲಭದ್ದೇ ಇರುತ್ತದೆ ಎಂದು ನಾನೂ ತಮ್ಮನೂ ಎಳೆದೆವು, ಎಳೆದೆವು, ಆಗಲಿಲ್ಲ. ಕನಿಷ್ಠ ನಾಲ್ಕು ಚುಕ್ಕಿ ಸೇರಿಸಬೇಕೆಂಬ ನಿಯಮದಲ್ಲಿ ಒಟ್ಟು 3,89,112 ಪ್ಯಾಟರ್ನ್‌ಗಳು ಸಾಧ್ಯ ಎಂದು ಆಮೇಲೆ ತಿಳಿಯಿತು. ಕೊನೆಗೆ ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಹತ್ತು ನಿಮಿಷದಲ್ಲಿ "ಓಪನ್ ಆಯ್ತು ನೋಡಿ" ಎಂದು ಕೈಗಿಟ್ಟರು. ಹೌದು, ಓಪನ್ ಆಗಿತ್ತು. ಅಂಗಡಿಯಿಂದ ಹೊಸತಾಗಿ ತಂದ ಫೋನಿನಂತೆ ಖಾಲಿ ಖಾಲಿ. ನನ್ನ ಮಗಳು ಹುಟ್ಟಿದ ದಿನ ಅಪ್ಪ ತೆಗೆದ ಫೋಟೋಗಳು ಅದರಲ್ಲಿದ್ದವು.

ಅವರು ಮಾಡಿದ್ದು ಫ್ಯಾಕ್ಟರಿ ರೀಸೆಟ್. ಅವರನ್ನು ಬೈದು ಪ್ರಯೋಜನವಿಲ್ಲ, ಪಿನ್ನಾಗಲಿ ಪ್ಯಾಟರ್ನಾಗಲಿ ಗೊತ್ತಿಲ್ಲದ ಫೋನಿಗೆ ಸಾಮಾನ್ಯವಾಗಿ ಮಾಡಲು ಸಾಧ್ಯವಿರುವುದು ಅದೊಂದೇ. ಆದರೆ ಮೊದಲೇ ಹೇಳಬಹುದಿತ್ತು. ಫೋನನ್ನು ತೆರೆಯುವುದು ಬೇರೆ, ಅದರ ಒಳಗಿನದ್ದನ್ನು ಮರಳಿ ಪಡೆಯುವುದು ಬೇರೆ. ಬಿ.ಎಸ್ಸಿ. ಓದಿದ ನನಗೂ ಆ ದಿನದ ತನಕ ಈ ವ್ಯತ್ಯಾಸ ಗೊತ್ತಿರಲಿಲ್ಲ.

ನಾವು ಫೋನಿನ ಲಾಕನ್ನು ಕಪಾಟಿನ ಬೀಗದ ಹಾಗೆ ಎಣಿಸುತ್ತೇವೆ. ಬೀಗ ಒಡೆದರೆ ಒಳಗಿನ ಚಿನ್ನ ಇದ್ದ ಹಾಗೆ ಸಿಗುತ್ತದೆ. ಫೋನಿನಲ್ಲಿ ಹಾಗಲ್ಲ. ನೀವು ಒಂದು ಫೋಟೋ ತೆಗೆದ ಕೂಡಲೇ ಫೋನು ಅದನ್ನು ಗೂಢಲಿಪಿಗೆ ಬದಲಿಸಿಯೇ ಒಳಗಿಡುತ್ತದೆ. ಇದಕ್ಕೆ ಎನ್‌ಕ್ರಿಪ್ಶನ್ ಎನ್ನುತ್ತಾರೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಹೊಸದಾಗಿ ಬರುವ ಎಲ್ಲ ಆಂಡ್ರಾಯ್ಡ್ ಫೋನುಗಳಿಗೂ ಇದು ಕಡ್ಡಾಯ. ಗೂಢಲಿಪಿಯನ್ನು ಮತ್ತೆ ಫೋಟೋ ಮಾಡಲು ಒಂದು ಕೀಲಿ ಬೇಕು. ಕೀಲಿ ಎಂದರೆ ಒಂದು ದೊಡ್ಡ ಸಂಖ್ಯೆ ಅಷ್ಟೇ. ಎಷ್ಟು ದೊಡ್ಡದು? 256 ಬಿಟ್‌ಗಳ ಕೀಲಿಯಾದರೆ 2ರ ಘಾತ 256 ಸಾಧ್ಯತೆಗಳು. ಬರೆದರೆ 78 ಅಂಕೆಗಳ ಸಂಖ್ಯೆ. ಊಹಿಸಿ ಹಿಡಿಯುವ ಮಾತೇ ಇಲ್ಲ.

ಇಷ್ಟು ದೊಡ್ಡ ಕೀಲಿಯನ್ನು ನಾವು ನೆನಪಿಡುವುದಿಲ್ಲವಲ್ಲ? ಸಹಕಾರಿ ಬ್ಯಾಂಕಿನ ಲಾಕರ್ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಒಂದು ಕೀಲಿ ನಮ್ಮ ಹತ್ತಿರ, ಒಂದು ಮ್ಯಾನೇಜರ ಹತ್ತಿರ. ಎರಡೂ ತಿರುಗಿದರೆ ಮಾತ್ರ ಬಾಗಿಲು. ಫೋನಿನಲ್ಲಿ ನಮ್ಮ ಪಾಲಿನದು ಪಿನ್. ಮ್ಯಾನೇಜರ ಪಾಲಿನದು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಹುದುಗಿಸಿಟ್ಟ ಒಂದು ಗುಟ್ಟಿನ ಸಂಖ್ಯೆ. ಅದು ಚಿಪ್ಪಿನಿಂದ ಹೊರಗೆ ಬರುವುದೇ ಇಲ್ಲ, ತಯಾರಿಸಿದ ಕಂಪನಿಗೂ ಓದಲಾಗದು. ಇವೆರಡೂ ಕೂಡಿದಾಗಲೇ ಕೀಲಿ ಸಿಗುವುದು. ಆದ್ದರಿಂದ ಮೆಮೊರಿ ಚಿಪ್ಪನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ಸಿಗುವುದು ಅರ್ಥವಿಲ್ಲದ ಅಂಕೆಗಳ ರಾಶಿ. ರೀಸೆಟ್ ಮಾಡಿದಾಗ 64 ಜಿಬಿ ಅಷ್ಟು ಬೇಗ ಖಾಲಿಯಾಗುವುದರ ಗುಟ್ಟೂ ಇಲ್ಲೇ ಉಂಟು. ಫೋನು ಕೂತು ಒಂದೊಂದು ಫೋಟೋವನ್ನು ಉಜ್ಜುವುದಿಲ್ಲ. ಕೀಲಿಯನ್ನು ಅಳಿಸುತ್ತದೆ. ಕೀಲಿ ಹೋದ ಮೇಲೆ ಉಳಿದದ್ದು ಇದ್ದರೂ ಇಲ್ಲದ ಹಾಗೆ.

ಹುಡುಗನ ಬೆರಳನ್ನು ಫೋನು ಯಾಕೆ ಒಪ್ಪಲಿಲ್ಲ ಎಂಬುದೂ ಈಗ ತಿಳಿಯುತ್ತದೆ. ಬೆರಳಚ್ಚು ಪ್ರತಿ ಸಲವೂ ಒಂದೇ ಥರ ಬೀಳುವುದಿಲ್ಲ. ಒಮ್ಮೆ ವಾರೆ, ಒಮ್ಮೆ ಒದ್ದೆ. ಅದು "ಹೆಚ್ಚು ಕಡಿಮೆ ಇವನೇ" ಎಂದು ಹೇಳಬಲ್ಲದೇ ಹೊರತು ಅದರಿಂದ ಕರಾರುವಾಕ್ಕಾದ ಕೀಲಿ ಮಾಡಲಾಗುವುದಿಲ್ಲ. ಆನ್ ಆದ ಮೇಲೆ ಒಮ್ಮೆ ಪಿನ್ ಹಾಕಿದರೆ ಕೀಲಿ ತಯಾರಾಗಿ ಒಳಗೆ ಸಿದ್ಧವಿರುತ್ತದೆ, ಆಮೇಲೆ ಬೆರಳು ಸಾಕು. ಆಫ್ ಮಾಡಿದರೆ ಆ ಕೀಲಿ ಅಳಿಯುತ್ತದೆ. ಆಫ್ ಮಾಡದಿದ್ದರೂ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಆಂಡ್ರಾಯ್ಡ್ ಪಿನ್ ಕೇಳುತ್ತದೆ. ಪಿನ್ ಮರೆತೆವೆಂದು ಗೊತ್ತಾದಾಗ ಫೋನು ಇನ್ನೂ ಬೆರಳಿಗೆ ತೆರೆಯುತ್ತಿದೆ ಎಂದಾದರೆ, ಅದನ್ನು ಆಫ್ ಮಾಡದೆ, ಚಾರ್ಜ್ ಮುಗಿಯಲು ಬಿಡದೆ, ಮೊದಲು ಬೇಕಾದದ್ದನ್ನೆಲ್ಲ ಬೇರೆ ಕಡೆಗೆ ಕಳಿಸಿಬಿಡಿ. ಹುಡುಗನಿಗೆ ಆ ಅವಕಾಶ ಭಾನುವಾರ ಸಂಜೆಯ ತನಕ ಇತ್ತು.

ನಾಲ್ಕು ಅಂಕೆಯ ಪಿನ್ ಎಂದರೆ 0000ದಿಂದ 9999ರ ತನಕ 10,000 ಸಾಧ್ಯತೆ. ಬರೀ ಹತ್ತು ಸಾವಿರ ತಾನೇ, ಒಂದೊಂದಾಗಿ ಒತ್ತಿದರಾಯಿತು ಎನ್ನಬಹುದು. ಅದಕ್ಕೇ ಫೋನು ಕಾಯಿಸುತ್ತದೆ. ಆಂಡ್ರಾಯ್ಡಿನ ಮೂಲ ಲೆಕ್ಕದಲ್ಲಿ ಐದು ತಪ್ಪಾದರೆ 30 ಸೆಕೆಂಡ್ ಕಾಯಬೇಕು. ಹತ್ತು ದಾಟಿದರೆ ಪ್ರತಿ ತಪ್ಪಿಗೂ 30 ಸೆಕೆಂಡ್. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ತಪ್ಪಿಗೆ ಈ ಸಮಯ ದುಪ್ಪಟ್ಟಾಗುತ್ತ ಹೋಗುತ್ತದೆ, ಚದುರಂಗದ ಮನೆಗಳಲ್ಲಿ ಅಕ್ಕಿಕಾಳು ಇಟ್ಟ ಕತೆಯ ಹಾಗೆ. 140 ತಪ್ಪಾದರೆ ಆಮೇಲೆ ಒಂದೊಂದು ಪ್ರಯತ್ನಕ್ಕೆ ಒಂದೊಂದು ದಿನ. ಉಳಿದ 9,860 ಸಾಧ್ಯತೆಗಳನ್ನು ನೋಡಿ ಮುಗಿಸಲು ಸುಮಾರು 27 ವರ್ಷ! ಕೆಲವು ಕಂಪನಿಗಳ ಫೋನುಗಳಲ್ಲಿ, ಹೊಸ ಆಂಡ್ರಾಯ್ಡುಗಳಲ್ಲಿ ಇದು ಇನ್ನೂ ಬಿಗಿ.

ಐಫೋನಿನಲ್ಲಿ ಹತ್ತು ತಪ್ಪಿಗೆ ಎಲ್ಲವೂ ಅಳಿಸಿಹೋಗುವಂತೆ ಇಡಬಹುದು. ಅಮೆರಿಕದ ಸ್ಯಾನ್ ಬರ್ನಾರ್ಡಿನೋ ಎಂಬಲ್ಲಿ 2015ರ ಡಿಸೆಂಬರಿನಲ್ಲಿ 14 ಜನರನ್ನು ಗುಂಡಿಕ್ಕಿ ಕೊಂದವನ ಐಫೋನನ್ನು ತೆರೆಯಲು ಅಲ್ಲಿನ ಎಫ್‌ಬಿಐ ಪರದಾಡಿದ್ದು ಇದೇ ಭಯಕ್ಕೆ. ಸಹಾಯ ಮಾಡುವಂತೆ ಕೋರ್ಟು ಆಜ್ಞೆ ಮಾಡಿದರೂ ಆಪಲ್ ಕಂಪನಿ ಒಪ್ಪಲಿಲ್ಲ. ಒಂದು ಫೋನಿಗೆ ಅಡ್ಡದಾರಿ ಮಾಡಿಕೊಟ್ಟರೆ ಎಲ್ಲ ಫೋನುಗಳಿಗೂ ಅಪಾಯ ಎಂದು ಅದರ ವಾದ. 2016ರ ಮಾರ್ಚಿನಲ್ಲಿ ಹೊರಗಿನವರ ನೆರವಿನಿಂದ ಫೋನು ತೆರೆಯಿತೆಂದು ಸರ್ಕಾರ ತಿಳಿಸಿತು. ಎಫ್‌ಬಿಐಗೇ ಇಷ್ಟು ಕಷ್ಟವಾದ ಮೇಲೆ, ಯಾವುದೋ ವಿಡಿಯೋದಲ್ಲಿ ತೋರಿಸುವ ಸ್ಟಾರ್ ಹ್ಯಾಷ್ ಕೋಡಿನಿಂದ ನಮ್ಮ ಫೋನು ತೆರೆದೀತಾ ಎಂದು ನೀವೇ ಯೋಚಿಸಿ.

ಮಧ್ಯಾಹ್ನ ಬೀಡಿ ಬ್ರಾಂಚಿಗೆ ಹೋಗುವ ದಾರಿಯಲ್ಲಿ ಅಮ್ಮ ಬಂದರು. ಒಂದು ಕೈಯಲ್ಲಿ ಬೀಡಿಯ ಚೀಲ, ಇನ್ನೊಂದು ಕೈಯಲ್ಲಿ ಫೋನು. ಬೇರೆ ದಾರಿ ಏನಾದರೂ ಉಂಟಾ ಎಂದು ಮೊದಲು ನೋಡಿದೆವು. ಮೆಮೊರಿ ಕಾರ್ಡಿನಲ್ಲಿದ್ದರೆ ಕಾರ್ಡು ತೆಗೆದು ಬೇರೆ ಫೋನಿಗೆ ಹಾಕಬಹುದು. ಕಾರ್ಡಿಗೆ ಪ್ರತ್ಯೇಕ ಎನ್‌ಕ್ರಿಪ್ಶನ್ ಇಲ್ಲದಿದ್ದರೆ ಫೈಲುಗಳು ಕಾಣುತ್ತವೆ. ಇವರ ಫೋನಿನಲ್ಲಿ ಕಾರ್ಡೇ ಇಲ್ಲ. ಗೂಗಲ್ ಖಾತೆಗೆ ಬ್ಯಾಕಪ್ ಆಗಿದ್ದರೆ ಬೇರೆ ಫೋನಿನಿಂದ ಅದೇ ಖಾತೆಗೆ ಹೋಗಿ ನೋಡಬಹುದು. ಖಾತೆ ಮಾಡಿಕೊಟ್ಟದ್ದು ಯಾರೋ ಅಂಗಡಿಯವರು, ಪಾಸ್‌ವರ್ಡ್ ಗೊತ್ತಿಲ್ಲ. ಇದು ನಮ್ಮ ಎಷ್ಟೋ ಮನೆಗಳ ಕತೆ. 2015ರ ಆಂಡ್ರಾಯ್ಡ್ 5.1ರಿಂದ ಈಚೆಗೆ, ಬೀಗ ತೆಗೆಯದೆ ರೀಸೆಟ್ ಮಾಡಿದರೆ ಫೋನು ಹಳೆಯ ಗೂಗಲ್ ಖಾತೆಯನ್ನೇ ಕೇಳುತ್ತದೆ, ಕದ್ದವರಿಗೆ ಉಪಯೋಗವಾಗಬಾರದೆಂದು. ಖಾತೆ ಗೊತ್ತಿಲ್ಲದಿದ್ದರೆ ಹಾಡೂ ಇಲ್ಲ, ಫೋನೂ ಇಲ್ಲ.

ಒಟಿಪಿ ಬಾರದೆ ಗ್ಯಾಸ್ ಬುಕ್ಕಿಂಗ್ ನಿಂತಿತ್ತು. ಅದಕ್ಕೆ ಸಿಮ್ ತೆಗೆದು ನನ್ನ ಹಳೆಯ ಬಟನ್ ಫೋನಿಗೆ ಹಾಕಿಕೊಟ್ಟೆ. ಫೋನಿನ ಪಿನ್ ಬೇರೆ, ಸಿಮ್ಮಿನ ಪಿನ್ ಬೇರೆ. ಸಿಮ್ಮಿನದನ್ನು ಮೂರು ಸಲ ತಪ್ಪಿದರೆ ಪಿಯುಕೆ ಸಂಖ್ಯೆ ಬೇಕು, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಪೂರ್ತಿ ಹೋಯಿತು.

ಆಮೇಲೆ ಹುಡುಗನನ್ನು ಕೂರಿಸಿದೆ. ಹಾಳೆಯ ಮೇಲೆ ಫೋನಿನ ಅಳತೆಗೇ ಅಂಕೆಗಳ ಮನೆಗಳನ್ನು ಬರೆದು, "ನೆನಪು ಮಾಡಬೇಡ, ಬೆರಳು ಹೇಗೆ ಹೋಯಿತು ಹೇಳು" ಎಂದೆ. ನಾಲ್ಕೈದು ಸಲ ಬೆರಳಾಡಿಸಿದ ಮೇಲೆ, "ಟೀಚರ್, ಒಂದೇ ಸಾಲಿನಲ್ಲಿ ಒತ್ತಿದ್ದೆ. ಮೇಲಿಂದ ಕೆಳಗಿನ ಮೂರೂ ಇತ್ತು" ಎಂದ. ಅವನು ತೋರಿಸಿದ ಸಾಲು ಬೇರೆ, ಇಲ್ಲಿ 1, 4, 7 ಎಂದು ಇಟ್ಟುಕೊಳ್ಳೋಣ. ಪಿನ್ನಿಗೆ ನಾಲ್ಕು ಸ್ಥಾನ, ಅಂಕೆಗಳು ಮೂರೇ. ಹಾಗಾದರೆ ಒಂದು ಅಂಕೆ ಎರಡು ಸಲ ಬಂದಿರಬೇಕು. ಅದು ಯಾವುದು ಎಂಬುದಕ್ಕೆ 3 ದಾರಿ. ಒಂದೇ ಸಲ ಬರುವ ಮೊದಲ ಅಂಕೆಗೆ 4 ಸ್ಥಾನ, ಇನ್ನೊಂದಕ್ಕೆ ಉಳಿದ 3 ಸ್ಥಾನ. ಮಿಕ್ಕ ಎರಡರಲ್ಲಿ ಎರಡು ಸಲ ಬರುವ ಅಂಕೆ ತಾನಾಗಿ ಕೂರುತ್ತದೆ. 3 × 4 × 3 = 36. ಹತ್ತು ಸಾವಿರ ಮೂವತ್ತಾರಕ್ಕೆ ಇಳಿಯಿತು!

ಎಷ್ಟು ಸಲ ತಪ್ಪಿದ್ದೀ ಎಂದರೆ ಅವನಿಗೆ ಲೆಕ್ಕವಿಲ್ಲ. ಆದರೆ ಫೋನು 60 ಸೆಕೆಂಡ್ ಕಾಯಲು ಹೇಳುತ್ತಿತ್ತು. ಮೇಲಿನ ಲೆಕ್ಕದ ಪ್ರಕಾರ 40 ದಾಟಿದೆ ಎಂದಾಯಿತು. ಹಾಗಿದ್ದರೂ ಮೂವತ್ತಾರನ್ನೂ ನೋಡಲು ನಾಲ್ಕು ಗಂಟೆ ಮೀರದು. ಮೂವತ್ತಾರನ್ನೂ ಹಾಳೆಯಲ್ಲಿ ಬರೆದು, ಒತ್ತಿದ್ದಕ್ಕೆ ಗೆರೆ ಎಳೆಯುತ್ತ ಬಾ ಎಂದು ಅವನಿಗೇ ಕೊಟ್ಟೆ. ಹಿಂದಿನ ರಾತ್ರಿ ಬರೆಯದೆ ಒತ್ತಿದ್ದರಿಂದ, ತಪ್ಪಾದದ್ದನ್ನೇ ಮತ್ತೆ ಮತ್ತೆ ಒತ್ತಿರಲಿಕ್ಕೂ ಸಾಕು.

ಅಮ್ಮ ಊಟವನ್ನೂ ಮಾಡದೆ ಬೆಂಚಿನ ತುದಿಯಲ್ಲಿ ಕೂತಿದ್ದರು. ಒಂದು ನಿಮಿಷಕ್ಕೊಮ್ಮೆ, ಆಮೇಲೆ ಎರಡು ನಿಮಿಷಕ್ಕೊಮ್ಮೆ, ಆಮೇಲೆ ನಾಲ್ಕು. ಇಪ್ಪತ್ತನೆಯದಕ್ಕೂ ಗೆರೆ ಬಿದ್ದಾಗ ಸಾಲೇ ತಪ್ಪಿರಬಹುದಾ ಎಂದು ನನಗೂ ಅನಿಸಿತು, ಹೇಳಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯಲು ಸ್ವಲ್ಪ ಮುಂಚೆ, ಇಪ್ಪತ್ತೆರಡನೆಯದಕ್ಕೆ, ಹುಡುಗ ಕುರ್ಚಿಯಿಂದ ಎದ್ದು ನಿಂತ.

ಮೊದಲು ಹನ್ನೊಂದು ಹಾಡುಗಳನ್ನೂ ನನ್ನ ಫೋನಿಗೆ, ಶಾಲೆಯ ಲ್ಯಾಪ್‌ಟಾಪಿಗೆ ಕಳಿಸಿದೆವು. ಗೂಗಲ್ ಖಾತೆಯ ಪಾಸ್‌ವರ್ಡನ್ನು ಬದಲಿಸಿ, ಅಮ್ಮ ತಾವೇ ಅದನ್ನು ರೇಷನ್ ಕಾರ್ಡಿನ ಜೊತೆ ಇಡುವ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆಂದರು. ಕೊನೆಗೆ ಒಂದು ಹಾಡು ಹಾಕಿ ನೋಡು ಎಂದರು. ಅಜ್ಜಿಯ ಸ್ವರ ಸ್ಟಾಫ್ ರೂಮಿನಲ್ಲಿ ಬಂತು. ಎರಡನೆಯ ಸಾಲಿನಲ್ಲಿ ಕೆಮ್ಮು. ಹಾಡು ನಿಲ್ಲಿಸಿ, "ಇದು ಬೇಡ ಮಗಾ, ಅಳಿಸು, ಇನ್ನೊಮ್ಮೆ ಹೇಳ್ತೇನೆ" ಎನ್ನುತ್ತಿದ್ದರು.