ಹೆಣಿಗೆಯ ಜೊತೆಗೆ ಎಣಿಕೆ

ಮಧ್ಯಾಹ್ನದ ಊಟವಾಗಿ, ತೊಳೆದ ಪಾತ್ರೆಗಳನ್ನು ಕವುಚಿಟ್ಟ ಮೇಲೆ, ಸಂಜೆಯ ಚಹಾಕ್ಕೆ ಮುಂಚೆ, ಗೃಹಿಣಿಗೆ ಒಂದಿಷ್ಟು ಬಿಡುವು ದೊರೆಯುವುದುಂಟು. ಅಹಮದಾಬಾದಿನ ಬೇಸಗೆಯಲ್ಲಂತೂ ಆ ಹೊತ್ತಿಗೆ ಹೊರಗೆ ಕಾಲಿಡುವ ಹಾಗಿಲ್ಲ. ಬಿಸಿಗಾಳಿಗೆ ಕಿಟಕಿ ಬಾಗಿಲು ಮುಚ್ಚಿ, ಫ್ಯಾನಿನ ಕೆಳಗೆ ಕೂತಿರಬೇಕಾಗುತ್ತದೆ. ರಜೆಯ ಮಕ್ಕಳೂ ಮನೆಯಲ್ಲೇ ಇರುತ್ತಾರೆ. ಅವರ ಕೈಗೆ ಕೆಲಸವಿಲ್ಲದಿದ್ದರೆ ಫೋನು ಬರುತ್ತದೆ. ಈ ಹೊತ್ತಿಗೆ ಹೇಳಿ ಮಾಡಿಸಿದ ಕೆಲಸವೆಂದರೆ ಕ್ರೋಷಾ ಹೆಣಿಗೆ. ಒಂದು ಕಡ್ಡಿ, ಒಂದು ಉಂಡೆ ನೂಲು, ಇಷ್ಟೇ ಇದರ ಬಂಡವಾಳ.

ಈ ಸಲ ಮೂರು ಸಣ್ಣ ವಸ್ತುಗಳನ್ನು ಹೆಣೆಯುವ ಕ್ರಮವನ್ನು ಹೇಳುತ್ತೇವೆ. ಅದರೊಡನೆ ನಮಗೆ ಆಕಸ್ಮಿಕವಾಗಿ ದೊರೆತ ಒಂದು ಲಾಭವನ್ನೂ ಹೇಳಬೇಕಾಗಿದೆ.

ನಮ್ಮ ಪರಿಚಯದವರ ಮನೆಯೊಂದು ವಡೋದರೆಯಲ್ಲಿದೆ. ಹುಬ್ಬಳ್ಳಿಯ ಕಡೆಯವರು. ಅಜ್ಜಿ ಬೇಸಗೆಗೆಂದು ಬಂದಿದ್ದರು. ಮೊಮ್ಮಗಳಿಗೆ ಒಂಬತ್ತು ವರ್ಷ. ಅಜ್ಜಿ ಹೇಳಿಕೊಟ್ಟಂತೆ ಹುಡುಗಿ ಕಡ್ಡಿ ಹಿಡಿದು ಕಂಬಗಳನ್ನು ಎಣಿಸುತ್ತಿದ್ದಳು. ನಾವು ಕೂತು ನೋಡುತ್ತಿದ್ದೆವು.

"ಎಷ್ಟಾದವು, ತಂಗಿ?"

"ಚೋವೀಸ್, ಅಜ್ಜಿ!"

"ಹಂಗಂದ್ರ ಎಷ್ಟವ್ವಾ?"

ಹುಡುಗಿ ತಾಯಿಯ ಮುಖ ನೋಡಿದಳು. ಹತ್ತರವರೆಗೆ ಕನ್ನಡ ಬರುತ್ತಿತ್ತು; ಅದರಾಚೆಗೆ ಎಲ್ಲವೂ ಗುಜರಾತಿ ಇಲ್ಲವೆ ಇಂಗ್ಲಿಷು. ತಾಯಿ ನಕ್ಕರು, ಆದರೆ ಆ ನಗೆಯಲ್ಲಿ ಸ್ವಲ್ಪ ಸಂಕೋಚವೂ ಇತ್ತು. ನಾವೂ ನಮ್ಮ ನಮ್ಮ ಮನೆಗಳಿಗೆ ಹೋಗಿ ಮಕ್ಕಳನ್ನು ಕರೆದು ಎಣಿಸಿ ನೋಡಿದೆವು. ಬಹುಮಟ್ಟಿಗೆ ಅದೇ ಕಥೆ! ಊಟ, ತಿಂಡಿ, ಬೈಗುಳ ಎಲ್ಲಕ್ಕೂ ಕನ್ನಡ ಉಳಿದಿದೆ. ಲೆಕ್ಕ ಮಾತ್ರ ಶಾಲೆಯ ಭಾಷೆಗೆ ಹೋಗಿಬಿಟ್ಟಿದೆ.

ಅಂದಿನಿಂದ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ: ಕಡ್ಡಿ ಕೈಯಲ್ಲಿರುವಾಗ ಎಣಿಕೆ ಕನ್ನಡದಲ್ಲೇ.

ಕಡ್ಡಿ ಮತ್ತು ನೂಲು

ಕ್ರೋಷಾ ಎಂಬುದು ಫ್ರೆಂಚ್ ಭಾಷೆಯಿಂದ ಬಂದ ಮಾತು. ಸಣ್ಣ ಕೊಕ್ಕೆ ಎಂದರ್ಥ. ಗುಜರಾತಿಯಲ್ಲಿ ಇದಕ್ಕೆ ಅಂಕೋಡಿ ಎನ್ನುತ್ತಾರೆ, ಅದೂ ಕೊಕ್ಕೆಯೇ. ನೂಲಿನ ಅಂಗಡಿಯಲ್ಲಿ ಅಂಕೋಡಿ ಎಂದರೂ ಕ್ರೋಶೆ ಎಂದರೂ ತಿಳಿಯುತ್ತದೆ.

೧೮೬೧ರಲ್ಲಿ ರಣಛೋಡಲಾಲ್ ಛೋಟಾಲಾಲರ ಬಟ್ಟೆ ಗಿರಣಿ ಆರಂಭವಾದಂದಿನಿಂದ ಅಹಮದಾಬಾದು ನೂಲಿಗೆ ಹೆಸರಾದ ಊರು. ಆದ್ದರಿಂದ ನೂಲಿಗಾಗಿ ಊರಿಗೆ ಬರೆಯಬೇಕಾದ ಪ್ರಮೇಯವಿಲ್ಲ. ಅಹಮದಾಬಾದಿನವರು ಮೂರು ದರವಾಜದ ಸುತ್ತಿನ ಪೇಟೆಯಲ್ಲೂ, ವಡೋದರೆಯವರು ಮಂಗಳ ಬಜಾರಿನಲ್ಲೂ, ಸೂರತ್ತಿನವರು ಚೌಟಾ ಬಜಾರಿನಲ್ಲೂ ವಿಚಾರಿಸಬಹುದು. ಹೊಸಬರು ೩ ಮಿಲಿಮೀಟರಿನ ಕಡ್ಡಿಯನ್ನೂ ನಾಲ್ಕೆಳೆಯ ಹತ್ತಿ ನೂಲನ್ನೂ ಕೊಳ್ಳುವುದು ಮೇಲು. ಉಣ್ಣೆ ಬೇಡ, ನಮ್ಮ ಸೆಕೆಗೆ ಅಂಗೈ ಬೆವರಿ ಎಳೆ ಅಂಟಿಕೊಳ್ಳುತ್ತದೆ. ತಿಳಿ ಬಣ್ಣವಿರಲಿ, ಕಪ್ಪು ನೂಲಿನಲ್ಲಿ ಕುಣಿಕೆ ಕಾಣುವುದಿಲ್ಲ.

ನಾಲ್ಕು ಮೂಲ ಹೆಣಿಗೆಗಳು

ಚೈನು: ನೂಲಿನ ತುದಿಗೆ ಜಾರುವ ಗಂಟು ಹಾಕಿ, ಕುಣಿಕೆಯನ್ನು ಕಡ್ಡಿಗೆ ಏರಿಸಿರಿ. ನೂಲನ್ನು ಕಡ್ಡಿಗೆ ಒಂದು ಸುತ್ತು ಹಾಕಿ ಆ ಕುಣಿಕೆಯೊಳಗಿಂದ ಎಳೆಯಿರಿ. ಒಂದು ಚೈನಾಯಿತು.

ಕೂಡಿಕೆ: ಸೇರಿಸಬೇಕಾದ ಕಡೆ ಕಡ್ಡಿ ತೂರಿಸಿ, ನೂಲನ್ನು ಹಿಡಿದು ಒಂದೇ ಸಲ ಎರಡರೊಳಗಿಂದಲೂ ಎಳೆಯಿರಿ.

ಗಿಡ್ಡ ಕಂಬ: ಕಡ್ಡಿ ತೂರಿಸಿ ನೂಲನ್ನು ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೆ ನೂಲು ಸುತ್ತಿ ಎರಡರಿಂದಲೂ ಎಳೆಯಿರಿ.

ಉದ್ದ ಕಂಬ: ಮೊದಲೇ ಕಡ್ಡಿಗೆ ಒಂದು ಸುತ್ತು ನೂಲು ಹಾಕಿಕೊಂಡು ತೂರಿಸಿರಿ. ನೂಲನ್ನು ಎಳೆದಾಗ ಮೂರು ಕುಣಿಕೆಗಳಾಗುತ್ತವೆ. ನೂಲು ಸುತ್ತಿ ಎರಡರಿಂದ ಎಳೆಯಿರಿ. ಪುನಃ ಸುತ್ತಿ ಉಳಿದೆರಡರಿಂದ ಎಳೆಯಿರಿ.

ಫೋನಿನಲ್ಲಿ ಪಾಠ ನೋಡಿ ಕಲಿಯುವವರಿಗೆ ಒಂದು ಎಚ್ಚರಿಕೆ. ಅಮೆರಿಕದವರು 'ಸಿಂಗಲ್' ಎನ್ನುವ ಗಿಡ್ಡ ಕಂಬಕ್ಕೆ ಇಂಗ್ಲೆಂಡಿನವರು 'ಡಬಲ್' ಎನ್ನುತ್ತಾರೆ. ಅಮೆರಿಕದವರ 'ಡಬಲ್' ನಮ್ಮ ಉದ್ದ ಕಂಬ. ಯಾರ ಪಾಠವೆಂದು ಮೊದಲೇ ನೋಡಿಕೊಳ್ಳದಿದ್ದರೆ ಕೆಲಸ ಕೆಡುತ್ತದೆ.

ಒಂದು: ಲೋಟದ ಬಿಲ್ಲೆ

೫ ಚೈನು ಹಾಕಿ, ಕೊನೆಯದನ್ನು ಮೊದಲನೆಯದಕ್ಕೆ ಕೂಡಿಸಿ ಉಂಗುರ ಮಾಡಿರಿ. ೩ ಚೈನು ಏರಿಸಿರಿ. ಇದು ಮೊದಲನೆಯ ಉದ್ದ ಕಂಬದ ಲೆಕ್ಕ. ಉಂಗುರದೊಳಗೆ ಇನ್ನೂ ೧೧ ಉದ್ದ ಕಂಬ ಹಾಕಿ ಕೂಡಿಸಿರಿ. ಒಟ್ಟು ೧೨.

ಮುಂದಿನ ಪ್ರತಿ ಸುತ್ತೂ ಹೀಗೆಯೇ ೩ ಚೈನಿನಿಂದ ಮೊದಲಾಗಿ ಕೂಡಿಕೆಯಿಂದ ಮುಗಿಯಬೇಕು. ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ಮೇಲೂ ಎರಡೆರಡು, ಒಟ್ಟು ೨೪. ಮೂರನೆಯದರಲ್ಲಿ ಒಂದರ ಮೇಲೆ ಒಂದು, ಮುಂದಿನದರ ಮೇಲೆ ಎರಡು, ಒಟ್ಟು ೩೬. ನಾಲ್ಕನೆಯದರಲ್ಲಿ ಒಂದು, ಒಂದು, ಎರಡು, ಒಟ್ಟು ೪೮. ಲೋಟಕ್ಕೆ ಇಷ್ಟು ಸಾಕು. ಐದನೆಯ ಸುತ್ತಿಗೆ ೬೦ ಆಗುತ್ತದೆ. ಅದರ ಅಂಚಿಗೆ ನಾಲ್ಕಾರು ಗಾಜಿನ ಮಣಿ ಪೋಣಿಸಿದರೆ ಮಜ್ಜಿಗೆಯ ಪಾತ್ರೆಗೆ ಹೊದಿಸಲು ಬರುತ್ತದೆ. ಮಣಿಯ ಭಾರಕ್ಕೆ ಗಾಳಿಗೆ ಹಾರುವುದಿಲ್ಲ.

ಬಿಲ್ಲೆಯ ಅಂಚು ನಿರಿಗೆಯಂತೆ ಅಲೆಯಾದರೆ ಕಂಬಗಳು ಹೆಚ್ಚಾಗಿವೆ. ಬಟ್ಟಲಿನಂತೆ ಮೇಲಕ್ಕೆದ್ದರೆ ಕಡಿಮೆಯಾಗಿವೆ. ಎಣಿಸದೆ ಗತಿಯಿಲ್ಲ! ಇಲ್ಲಿಯೇ ಕನ್ನಡಕ್ಕೆ ಅವಕಾಶ ದೊರೆಯುವುದು. ೧೨, ೨೪, ೩೬, ೪೮, ೬೦ ಎಂದರೆ ಹನ್ನೆರಡರ ಮಗ್ಗಿಯೇ ಅಲ್ಲವೆ? ಹನ್ನೆರಡೊಂದ್ಲೆ ಹನ್ನೆರಡು, ಹನ್ನೆರಡೆರಡ್ಲೆ ಇಪ್ಪತ್ತನಾಲ್ಕು ಎಂದು ಸುತ್ತಿಗೊಮ್ಮೆ ಹೇಳಿಸಿರಿ. ಮಗ್ಗಿ ತಪ್ಪಿದರೆ ಬಿಲ್ಲೆಯೇ ಸೊಟ್ಟಗಾಗಿ ಹೇಳಿಬಿಡುತ್ತದೆ, ನಾವು ಬೈಯಬೇಕಾಗಿಲ್ಲ.

ಮಕ್ಕಳಿಗೆ ಇನ್ನೊಂದು ಮಾತು ತಿಳಿಸಿರಿ. ಗುಜರಾತಿಯಲ್ಲಿ ನೂರರವರೆಗಿನ ಸಂಖ್ಯೆಗಳಿಗೆ ಹೆಚ್ಚುಕಡಿಮೆ ಬೇರೆ ಬೇರೆಯಾಗಿ ಹೆಸರು ಕಲಿಯಬೇಕು. ಚೋವೀಸ್, ಛತ್ರೀಸ್, ಅಡತಾಲೀಸ್ ಎಂಬಿವುಗಳಲ್ಲಿ ಒಂದರಿಂದ ಇನ್ನೊಂದನ್ನು ಊಹಿಸುವುದು ಕಷ್ಟ. ಕನ್ನಡದಲ್ಲಿ ಇಪ್ಪತ್ತು, ಮೂವತ್ತು, ನಲವತ್ತು ಎಂಬ ಹತ್ತುಗಳು ಬಂದರೆ ಸಾಕು; ಮೇಲೆ ಒಂದು, ಎರಡು ಸೇರಿಸುತ್ತ ಹೋದರಾಯಿತು. ಗುಜರಾತಿ ಕಲಿತ ಮಗುವಿಗೆ ಕನ್ನಡದ ಎಣಿಕೆ ಆಟದಷ್ಟು ಸುಲಭ.

ಎರಡು: ಕರವಸ್ತ್ರದ ಅಂಚು

ಹಳೆಯ ಮೆತ್ತನೆಯ ಹತ್ತಿ ಸೀರೆಯಿಂದ ೧೦ ಅಂಗುಲದ ಚೌಕ ಕತ್ತರಿಸಿ ಅಂಚು ಮಡಚಿ ಹೊಲಿಯಿರಿ. ಇದಕ್ಕೆ ತೆಳು ನೂಲೂ ಸಣ್ಣ ಉಕ್ಕಿನ ಕಡ್ಡಿಯೂ ಬೇಕು. ಬಟ್ಟೆಯಲ್ಲಿ ಕಡ್ಡಿ ತೂರದಿದ್ದರೆ ದಪ್ಪ ಸೂಜಿಯಿಂದ ಮೊದಲು ರಂಧ್ರ ಮಾಡಿಕೊಳ್ಳಿರಿ. ಸುತ್ತಲೂ ಒತ್ತಾಗಿ ಗಿಡ್ಡ ಕಂಬ ಹಾಕಿ. ಮೂಲೆಗಳಲ್ಲಿ ಒಂದೇ ಕಡೆ ೩ ಹಾಕಿರಿ. ಒಟ್ಟು ಎಣಿಕೆ ೬ರಿಂದ ಭಾಗವಾಗಬೇಕು. ಒಂದೆರಡು ಕಡಿಮೆ ಬಿದ್ದರೆ ಅಲ್ಲಲ್ಲಿ ಸೇರಿಸಬಹುದು.

ಎರಡನೆಯ ಸುತ್ತು ಹೀಗೆ: ಒಂದು ಗಿಡ್ಡ ಕಂಬ, ಎರಡು ಬಿಟ್ಟು ಮುಂದಿನದರಲ್ಲಿ ೫ ಉದ್ದ ಕಂಬ, ಮತ್ತೆ ಎರಡು ಬಿಟ್ಟು ಗಿಡ್ಡ ಕಂಬ. ಐದೂ ಒಂದೇ ಕಡೆಯಿಂದ ಹೊರಡುವುದರಿಂದ ಸಮುದ್ರದ ಚಿಪ್ಪಿನಂತೆ ಅರಳುತ್ತವೆ. ಇಲ್ಲಿ ಬೇಕಾದದ್ದು ಆರರ ಮಗ್ಗಿ.

ಸೂರತ್ತಿನ ಸೋದರಿಯರು, "ನಮ್ಮಲ್ಲಿ ಯಂತ್ರದ ಲೇಸು ಮೀಟರುಗಟ್ಟಲೆ ಅಗ್ಗವಾಗಿ ಸಿಗುತ್ತದೆ, ಇಷ್ಟು ಶ್ರಮವೇಕೆ?" ಎನ್ನಬಹುದು. ಅಂಗಡಿಯ ಲೇಸು ಅಂಗಡಿಯದು. ಅಜ್ಜಿಯ ಸೀರೆಯ ತುಂಡಿಗೆ ಮೊಮ್ಮಗಳು ಹೆಣೆದ ಅಂಚು ಯಾವ ಬಜಾರಿನಲ್ಲಿ ಸಿಗುತ್ತದೆ?

ಮೂರು: ಮಾವಿನೆಲೆಯ ತೋರಣ

ದೀಪಾವಳಿಗೆ ನಮ್ಮ ನೆರೆಯವರು ಆಸೋಪಾಲವದ ಎಲೆಗಳ ತೋರಣ ಕಟ್ಟುತ್ತಾರೆ; ನಮಗೆ ಮಾವಿನ ಎಲೆಯೇ ಆಗಬೇಕು. ನಾಲ್ಕನೆಯ ಮಹಡಿಯ ಮನೆಗೆ ಹಬ್ಬದ ಬೆಳಿಗ್ಗೆ ಅದು ಸಿಗುವುದು ಕಷ್ಟ. ಹಸಿರು ನೂಲಿನಿಂದ ಹೆಣೆದಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ.

೧೪ ಚೈನು ಹಾಕಿರಿ. ಕಡ್ಡಿಯಿಂದ ಎರಡನೆಯ ಚೈನಿನಿಂದ ಆರಂಭಿಸಿ ಒಂದೊಂದರಲ್ಲಿ ಒಂದೊಂದರಂತೆ ೨ ಗಿಡ್ಡ, ೮ ಉದ್ದ, ೨ ಗಿಡ್ಡ ಕಂಬ. ಕೊನೆಯ ಚೈನಿನಲ್ಲಿ ೩ ಗಿಡ್ಡ ಕಂಬ ಹಾಕಿ ತಿರುಗಿ, ಚೈನಿನ ಇನ್ನೊಂದು ಮಗ್ಗುಲಲ್ಲಿ ಪುನಃ ೨ ಗಿಡ್ಡ, ೮ ಉದ್ದ, ೨ ಗಿಡ್ಡ. ತುದಿ ಚೂಪಾಗಲು ೨ ಚೈನು ಹಾಕಿ ಮೊದಲ ಕಂಬಕ್ಕೆ ಕೂಡಿಸಿರಿ. ಇಂಥ ೧೧ ಎಲೆಗಳನ್ನು, ಬಾಗಿಲಿನ ಅಗಲಕ್ಕೆ ಹೆಣೆದ ಚೈನಿಗೆ, ಚೂಪು ತುದಿ ಕೆಳಗಾಗುವಂತೆ ಸಮ ಅಂತರದಲ್ಲಿ ಹೊಲಿಯಿರಿ. ಮಳೆಗಾಲದಲ್ಲಿ ಒಗೆದರೆ ಚೆನ್ನಾಗಿ ಒಣಗಿಸಿಯೇ ಮಡಚಿಡಿ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ.

ನಾಲ್ಕು ಕಾಸು ಬರುವುದೆ?

ಈ ಪ್ರಶ್ನೆ ಯಾವಾಗಲೂ ಬರುತ್ತದೆ. ೧೮೪೫ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು ಭೀಕರ ಕ್ಷಾಮ ಬಂದಾಗ ಎಷ್ಟೋ ಕುಟುಂಬಗಳಿಗೆ ಕ್ರೋಷಾ ಲೇಸು ಆಧಾರವಾಯಿತು. ನಮ್ಮ ದೇಶದಲ್ಲಿ ಆಂಧ್ರದ ನರಸಾಪುರದ ಹೆಂಗಸರ ಕ್ರೋಷಾ ಲೇಸು ಪರದೇಶಗಳಿಗೆ ಹೋಗುತ್ತದೆ. ಆದರೆ ಮರಿಯಾ ಮೀಸ್ ಎಂಬ ವಿದುಷಿ ೧೯೮೨ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತೋರಿಸಿದಂತೆ, ಗಂಟೆಗಟ್ಟಲೆ ದುಡಿದರೂ ಅವರನ್ನು ಬಿಡುವಿನಲ್ಲಿ ಕೂತ ಗೃಹಿಣಿಯರೆಂದೇ ಭಾವಿಸಿ ಕೂಲಿಯನ್ನು ಬಲು ಕಡಿಮೆ ಕೊಡಲಾಗುತ್ತಿತ್ತು. ಮನೆಯಲ್ಲಿ ಮಾಡಿದ ಕೆಲಸವೂ ಕೆಲಸವೇ ಎಂದು ಸಾರಿದವರಲ್ಲಿ ನಮ್ಮ ಅಹಮದಾಬಾದಿನ ಇಳಾ ಭಟ್ಟರು ಮುಖ್ಯರು. ೧೯೭೨ರಲ್ಲಿ ಅವರು ಸ್ಥಾಪಿಸಿದ 'ಸೇವಾ' ಸಂಘ ಮನೆಯಲ್ಲೇ ದುಡಿಯುವ ಹೆಂಗಸರ ಹಕ್ಕಿಗಾಗಿ ಹೋರಾಡುತ್ತ ಬಂದಿದೆ.

ಆದ್ದರಿಂದ ಮಾರುವವರು ನೂಲಿನ ಬೆಲೆಯನ್ನಷ್ಟೇ ಲೆಕ್ಕ ಹಿಡಿಯಬಾರದು. ತಾವು ಕೂತ ಗಂಟೆಗಳನ್ನೂ ಎಣಿಸಬೇಕು. ಅಷ್ಟು ಬೆಲೆ ಬಾರದಿದ್ದರೆ ಬೇಕಾದವರಿಗೆ ಉಡುಗೊರೆ ಕೊಡುವುದೇ ಗೌರವ.

ಎಣಿಸುವ ಕೈಕೆಲಸ ನಮಗೆ ಹೊಸದೇನೂ ಅಲ್ಲ. ಧಾರವಾಡದ ಕಡೆಯ ನಮ್ಮ ಅಜ್ಜಿಯರು ಇಳಕಲ್ಲಿನ ಸೀರೆಯ ಮೇಲೆ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುತ್ತಿರಲಿಲ್ಲ. ಎಳೆಗಳನ್ನು ಎಣಿಸಿಯೇ ಗವಂತಿ, ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳಿಂದ ತೇರು, ಗೋಪುರ, ಆನೆಗಳನ್ನು ತೆಗೆಯುತ್ತಿದ್ದರು. ಅವರ ಸೂಜಿ ಎಲ್ಲರ ಕೈಗೂ ಬರಲಿಲ್ಲ. ಅವರ ಎಣಿಕೆಯಾದರೂ ಬರಲಿ.

ವಡೋದರೆಯ ಹುಡುಗಿ ಬೇಸಗೆ ಮುಗಿಯುವುದರೊಳಗೆ ಆರು ಬಿಲ್ಲೆ ಮುಗಿಸಿದಳು. ಮೊದಲನೆಯದು ಬಟ್ಟಲಿನಂತಾಗಿದ್ದರಿಂದ ಅದರಲ್ಲಿ ಬೀಗದ ಕೈ ಹಾಕಿದ್ದಾರೆ. ಅಜ್ಜಿ ಊರಿಗೆ ಹೊರಟ ದಿನ ನಿಲ್ದಾಣದಲ್ಲಿ ಕೇಳಿದರಂತೆ:

"ಕಡೀ ಸುತ್ತಿಗೆ ಎಷ್ಟು, ತಂಗಿ?"

"ನಲವತ್ತೆಂಟು, ಅಜ್ಜಿ!"