ನಿಮಗಿದು ಗೊತ್ತೆ? ಹತ್ತಿಯ ಧೂಳು, ಇನ್ಹೇಲರ್‌ನ ಬಲ

ಕೊಯಮತ್ತೂರಿನ ನೂಲಿನ ಗಿರಣಿಗಳು, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು, ಮನೆಯಲ್ಲಿ ಇಂದಿಗೂ ಕನ್ನಡವಾಡುವ ದೇವಾಂಗ ನೇಕಾರರ ಮಗ್ಗಗಳು: ಎಲ್ಲಕ್ಕೂ ಹತ್ತಿಯೇ ಅನ್ನ. ಆ ಹತ್ತಿಯ ಧೂಳು ವರ್ಷಗಟ್ಟಲೆ ಎದೆಗಿಳಿದರೆ ಬರಬಹುದಾದ ಕಾಯಿಲೆ ಬಿಸಿನೋಸಿಸ್. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುವುದು ಇದರ ಗುರುತು. ಗಮನಿಸದೆ ಬಿಟ್ಟರೆ ಅದು ಶಾಶ್ವತ ಉಬ್ಬಸವಾಗಿ ಉಳಿದೀತು.

ಇಂಥ ಉಬ್ಬಸಕ್ಕೆ ಸೇದುವ ಇನ್ಹೇಲರ್ ಎಷ್ಟು ಕಾಲ ಕೆಲಸ ಮಾಡುತ್ತದೆ? 2008ರಲ್ಲಿ ಪ್ರಕಟವಾದ 'ಅಪ್‌ಲಿಫ್ಟ್' ಅಧ್ಯಯನದಲ್ಲಿ ಸುಮಾರು 6,000 ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ರೋಗಿಗಳನ್ನು 4 ವರ್ಷ ಗಮನಿಸಲಾಯಿತು. ಟಯೋಟ್ರೋಪಿಯಂ ಎಂಬ ಇನ್ಹೇಲರ್ ಔಷಧ ಸೇದಿದವರಿಗೆ ಉಸಿರಾಟ ಸುಧಾರಿಸಿತು, ಕಾಯಿಲೆ ಉಲ್ಬಣಿಸುವುದು ತಗ್ಗಿತು. ಆದರೆ ಶ್ವಾಸಕೋಶ ಸವೆಯುವ ವೇಗ ಮಾತ್ರ ಕುಗ್ಗಲಿಲ್ಲ. ಔಷಧ ಎದೆಯನ್ನು ಹಗುರ ಮಾಡುತ್ತದೆ, ಹಾಳಾದದ್ದನ್ನು ಹೊಸದು ಮಾಡುವುದಿಲ್ಲ. ಆದ್ದರಿಂದಲೇ ಧೂಳನ್ನು ತಡೆಯುವುದು ಔಷಧದಷ್ಟೇ ಮುಖ್ಯ.

ಆಸ್ತಮಾದ ಮಾತು ಬೇರೆ. ಅಲ್ಲಿ ನಿತ್ಯ ಸೇದುವ ಸ್ಟೀರಾಯ್ಡ್ ಉರಿಯೂತವನ್ನೇ ತಗ್ಗಿಸುತ್ತದೆ, ವರ್ಷಗಟ್ಟಲೆ ಕಾಪಾಡುತ್ತದೆ. ಉಬ್ಬಸ ಬಂದಾಗ ಮಾತ್ರ, ತಕ್ಷಣ ಉಸಿರು ಸಲೀಸು ಮಾಡುವ ಸಾಲ್ಬುಟಮಾಲ್ ಸೇದಿ ಸುಮ್ಮನಾಗುವುದು ಸಾಲದು ಎಂದು ಆಸ್ತಮಾದ ಜಾಗತಿಕ ಮಾರ್ಗಸೂಚಿ 'ಜಿನಾ' 2019ರಲ್ಲೇ ಹೇಳಿದೆ.

'ಇನ್ಹೇಲರ್ ಹಿಡಿದರೆ ಚಟವಾಗುತ್ತದೆ' ಎಂಬ ಮಾತು ಸುಳ್ಳು. ಈ ಭಯದಿಂದ ಔಷಧ ಬಿಟ್ಟವರು ಎಷ್ಟೋ ಮಂದಿ, ನೆನೆದರೆ ನೋವಾಗುತ್ತದೆ. ಸ್ಟೀರಾಯ್ಡ್ ಸೇದಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಬೆಳೆಯಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.